ಮಗುವಿನ ಹೆಸರಿನ ಪಕ್ಕ ಏನು ಬರೆಸುವುದು? ಇನಿಷಿಯಲ್, ಅಪ್ಪನ ಹೆಸರು, ಊರು, ಅಡ್ಡಹೆಸರು: ಯಾರಿಗೆ ಯಾವುದು

ಮಗುವಿಗೆ ಹೆಸರು ಆರಿಸಲು ಮನೆಮಂದಿಯೆಲ್ಲ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಪುರೋಹಿತರು ನಕ್ಷತ್ರ ನೋಡಿ ಅಕ್ಷರ ಕೊಡುತ್ತಾರೆ. ಅಜ್ಜಿ ಮನೆದೇವರ ಹೆಸರು ಸೇರಲೇಬೇಕು ಅನ್ನುತ್ತಾರೆ. ಸೋದರತ್ತೆ ವಾಟ್ಸಾಪಿನಲ್ಲಿ ಪಟ್ಟಿ ಕಳಿಸುತ್ತಾರೆ. ಅಂತೂ ಒಂದು ಹೆಸರು ಗಟ್ಟಿಯಾದ ಮೇಲೆ ಜನನ ಪ್ರಮಾಣಪತ್ರದ ಫಾರಂ ಮುಂದೆ ಬರುತ್ತದೆ. ಅಲ್ಲಿ ಕೇಳುವ ಪ್ರಶ್ನೆಯೇ ಬೇರೆ: "ಇನಿಷಿಯಲ್ ಮುಂದೋ, ಹಿಂದೋ?" ಅರ್ಧ ನಿಮಿಷದಲ್ಲಿ ಏನೋ ಒಂದು ಹೇಳಿ ಬರುತ್ತೇವೆ. ಆಮೇಲೆ ಇಪ್ಪತ್ತು ವರ್ಷ ಕಚೇರಿಯಿಂದ ಕಚೇರಿಗೆ ಓಡಾಡುವುದು ಆ ಉತ್ತರಕ್ಕಾಗಿಯೇ.

ನನ್ನ ಕತೆ ಹಾಗೇ ಆಗಿದೆ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಎರಡು ಇನಿಷಿಯಲ್ ಹೆಸರಿನ ಮುಂದಿವೆ. ಡಿಗ್ರಿಯಲ್ಲಿ ಅವೇ ಹಿಂದಕ್ಕೆ ಹೋದವು. ಪ್ಯಾನ್ ಮಾಡಿಸುವಾಗ ಬಿಡಿಸಿ ಬರೆಯಿರಿ ಅಂದರು. ಬಿಡಿಸಿದೆ. ಊರು, ಅಪ್ಪ, ನಾನು ಮೂವರೂ ಸಾಲಾಗಿ ಬಂದೆವು. ಆಧಾರ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ನಾಲ್ಕೂ ಕಾಗದ ಹರಡಿಕೊಂಡು, "ಈ ನಾಲ್ಕೂ ಜನ ನೀವೇನಾ ಸಾರ್?" ಅಂದರು. ತಮಾಷೆಗೆ ಕೇಳಿದ್ದಲ್ಲ. ನಾಲ್ಕೂ ನಾನೇ ಅಂತ ಬಾಂಡ್ ಪೇಪರಿನ ಮೇಲೆ ಅಫಿಡವಿಟ್ ಮಾಡಿಸಿ, ನೋಟರಿ ಹತ್ತಿರ ಸೀಲು ಹಾಕಿಸಿಕೊಂಡು ಹೋದೆ.

ಅಂದಿನಿಂದ ಗೆಳೆಯರಲ್ಲಿ ಯಾರಿಗೆ ಮಗು ಆದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಹೆಸರು ನಿಮ್ಮಿಷ್ಟ, ಅದಕ್ಕೆ ನಾನು ತಲೆ ಹಾಕುವುದಿಲ್ಲ. ಅದರ ಪಕ್ಕ ಏನು ಕೂರಬೇಕು ಅನ್ನುವುದಷ್ಟೇ ಇಲ್ಲಿನ ವಿಷಯ.

ಏನೇನು ನೋಡಬೇಕು

ಮೊದಲು ನೋಡಬೇಕಾದದ್ದು ಕಾಲಂ. ಪಾಸ್‌ಪೋರ್ಟ್, ಪ್ಯಾನ್, ವೀಸಾ, ವಿಮಾನದ ಟಿಕೆಟ್ ಎಲ್ಲವೂ ಹೆಸರನ್ನು ಎರಡು ಮೂರು ತುಂಡು ಮಾಡಿ ಕೇಳುತ್ತವೆ. ಆಧಾರ್ ಒಂದೇ ಸಾಲಿನಲ್ಲಿ ಕೇಳುತ್ತದೆ. ನೀವು ಆರಿಸಿದ ಹೆಸರು ಎರಡೂ ಕಡೆ ಹಿಂದುಮುಂದಾಗದೆ ಕೂರಬೇಕು.

ಎರಡನೆಯದು, ಆ ಪದ ಕೇಳಿದವರಿಗೆ ಏನು ಹೇಳಿಬಿಡುತ್ತದೆ ಅನ್ನುವುದು. ಜಾತಿ ಹೇಳುತ್ತದೆಯಾ, ಊರು ಹೇಳುತ್ತದೆಯಾ, ಏನೂ ಹೇಳುವುದಿಲ್ಲವಾ? ಕೆಲವರಿಗೆ ಅದು ಬೇಕು, ಕೆಲವರಿಗೆ ಬೇಡವೇ ಬೇಡ. ಮೂರನೆಯದು, ಮನೆಯವರಿಗೆಲ್ಲ ಒಂದೇ ಆಗುತ್ತದೆಯಾ, ತಲೆಮಾರಿಗೊಮ್ಮೆ ಬದಲಾಗುತ್ತದೆಯಾ? ಹೆಣ್ಣುಮಗುವಾದರೆ ಮದುವೆಯಾದ ಮೇಲೂ ಹಾಗೇ ಇಟ್ಟುಕೊಳ್ಳಲು ಬರುತ್ತದೆಯಾ? ಕೊನೆಯದು ಉದ್ದ ಮತ್ತು ಸ್ಪೆಲ್ಲಿಂಗ್. ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಅತಿ ಜಾಸ್ತಿ ತೊಂದರೆ ಕೊಡುವುದೇ ಇದು.

ಖರ್ಚಿನ ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಜನನವನ್ನು 21 ದಿನದೊಳಗೆ ನೋಂದಣಿ ಮಾಡಿಸಬೇಕು, ಆದರೆ ಅಷ್ಟರೊಳಗೆ ಹೆಸರು ಇಟ್ಟಿರಲೇಬೇಕು ಅಂತಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು ನೋಂದಣಿ ಮಾಡಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅದಾದ ಮೇಲೂ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಅಂದರೆ ಯೋಚನೆ ಮಾಡಲು ಒಂದು ವರ್ಷ ಪುಕ್ಕಟೆ ಸಿಗುತ್ತದೆ. ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಮಾತ್ರ ಬೇರೆಯೇ ಕೆಲಸ. ಅಫಿಡವಿಟ್ಟು, ಪೇಪರಿನಲ್ಲಿ ಜಾಹೀರಾತು, ಗೆಜೆಟ್, ಆಮೇಲೆ ಒಂದೊಂದೇ ಕಾಗದದ ತಿದ್ದುಪಡಿ. ದುಡ್ಡಿಗಿಂತ ಜಾಸ್ತಿ ರಜೆ ಖರ್ಚಾಗುತ್ತದೆ. ಆಧಾರ್‌ನಲ್ಲಂತೂ ಹೆಸರು ತಿದ್ದಲು ಜೀವಮಾನಕ್ಕೆ ಎರಡೇ ಸಲ ಅವಕಾಶ.

ಇನ್ನೊಂದು ಮಾತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಡ್ರೈವಿಂಗ್ ಲೈಸೆನ್ಸ್, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನಾಂಕದ ಪುರಾವೆ ಅಂದರೆ ಜನನ ಪ್ರಮಾಣಪತ್ರವೇ. ನಮ್ಮ ಕಾಲದಲ್ಲಿ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡೇ ಎಲ್ಲಕ್ಕೂ ಬೇರು. ಈಗ ಆ ಬೇರು ಆಸ್ಪತ್ರೆಯ ಬಾಗಿಲಿಗೇ ಬಂದಿದೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಸರಿ ಮಾಡಿಕೊಡುತ್ತಾರೆ ಅನ್ನುವ ಹಳೇ ಧೈರ್ಯ ಈಗ ಕೆಲಸಕ್ಕೆ ಬರುವುದಿಲ್ಲ.

ಹೋಲಿಕೆ ಸುಲಭವಾಗಲಿ ಅಂತ ಒಂದು ಮಗು ಇಟ್ಟುಕೊಳ್ಳೋಣ. ಹೆಸರು ಅನನ್ಯ. ಅಪ್ಪ ಮಂಜುನಾಥ, ಅಮ್ಮ ಸವಿತಾ, ಅಜ್ಜ ರಂಗಪ್ಪ, ಊರು ಕುಣಿಗಲ್.

ಕೆ.ಎಂ. ಅನನ್ಯ

ಇದು ಹಳೇ ಮೈಸೂರಿನ ಪದ್ಧತಿ. ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದದ್ದು ಇದೇ ಸಾಲಿನಿಂದ. ಡಿವಿಜಿ ಅಂದರೆ ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ. ಚೆಂದದ ಪದ್ಧತಿ, ನನಗೂ ಇದರ ಮೇಲೆ ಮೋಹವಿದೆ. ಜಾತಿ ಹೇಳುವುದಿಲ್ಲ, ಚಿಕ್ಕದು, ಊರಿನ ನೆನಪು ಉಳಿಯುತ್ತದೆ.

ತೊಂದರೆ ಇರುವುದು ಚುಕ್ಕಿಯಲ್ಲಿ. ಇನಿಷಿಯಲ್ ಅಂದರೆ ಮುಚ್ಚಿಟ್ಟ ಹೆಸರು, ಅದನ್ನು ಬಿಡಿಸಿ ಹೇಳಲು ಪಕ್ಕದಲ್ಲಿ ಒಬ್ಬರು ಬೇಕು. ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ ಇಬ್ಬರ ಹೆಸರಲ್ಲೂ 'ಎಚ್' ಹರದನಹಳ್ಳಿ. 'ಡಿ' ಮಾತ್ರ ಬೇರೆ ಬೇರೆ. ಅಪ್ಪನ 'ಡಿ' ದೊಡ್ಡೇಗೌಡ, ಮಗನ 'ಡಿ' ದೇವೇಗೌಡ. ಕರ್ನಾಟಕದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಕಂಪ್ಯೂಟರಿಗೆ ಹೊಳೆಯುವುದಿಲ್ಲ.

ಪಾಸ್‌ಪೋರ್ಟ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ. ಪ್ಯಾನ್ ಅರ್ಜಿಯಲ್ಲೂ ಬಿಡಿಸಿ ಬರೆಯಬೇಕು. ಎಲ್ಲೋ ಒಂದು ಕಡೆ ಬಿಡಿಸಲೇಬೇಕಾಗುತ್ತದೆ, ಬಿಡಿಸಿದ ದಿನದಿಂದ ನಿಮ್ಮ ಹೆಸರು ಎರಡಾಗುತ್ತದೆ. ಅದೂ ಅಲ್ಲದೆ, ಮೂರು ಪದದಲ್ಲಿ ಸರ್‌ನೇಮ್ ಯಾವುದು? ಕುಣಿಗಲ್ಲಾ, ಮಂಜುನಾಥನಾ, ಅನನ್ಯಳಾ? ಫಾರಂ ತುಂಬುವವರು ಕೊನೆಯ ಪದವನ್ನೇ ಸರ್‌ನೇಮ್ ಅಂದುಕೊಂಡರೆ ಅನನ್ಯ ಸರ್‌ನೇಮ್ ಆಗಿಬಿಡುತ್ತಾಳೆ, ಮೊದಲ ಹೆಸರು ಕುಣಿಗಲ್ ಆಗುತ್ತದೆ. ನಗಬೇಡಿ, ಹೀಗೆ ಆದವರು ಎಷ್ಟೋ ಜನ ಇದ್ದಾರೆ.

ಹೆಣ್ಣುಮಕ್ಕಳಿಗೆ ಇನ್ನೊಂದು ತಾಪತ್ರಯವಿದೆ. ಮದುವೆಯಾದ ಮೇಲೆ ಅಪ್ಪನ ಅಕ್ಷರ ತೆಗೆದು ಗಂಡನ ಅಕ್ಷರ ಹಾಕುವ ರೂಢಿ. ಹಾಗೆ ಮಾಡಬೇಕು ಅಂತ ಕಾನೂನಿಲ್ಲ, ಆದರೂ ರೇಷನ್ ಕಾರ್ಡಿನಲ್ಲಿ ಯಾರೋ ಬದಲಿಸಿರುತ್ತಾರೆ, ಬ್ಯಾಂಕಿನಲ್ಲಿ ಹಳೆಯದೇ ಇರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಇನಿಷಿಯಲ್ ಸಹಿಗೆ ಇರಲಿ, ಮದುವೆ ಕಾರ್ಡಿಗೆ ಇರಲಿ. ಜನನ ಪ್ರಮಾಣಪತ್ರಕ್ಕೆ ಬೇಡ.

ಅನನ್ಯ ಮಂಜುನಾಥ

ಈಗ ಬೆಂಗಳೂರು, ಮೈಸೂರು, ತುಮಕೂರು ಕಡೆ ಹೆಚ್ಚಿನವರು ಹಿಡಿಯುವ ದಾರಿ ಇದು. ಎರಡು ಕಾಲಂಗೆ ಎರಡು ಪದ, ಸರಿಯಾಗಿ ಕೂರುತ್ತದೆ. ಜಾತಿ ಗೊತ್ತಾಗುವುದಿಲ್ಲ. ಪಾಸ್‌ಪೋರ್ಟ್, ಪ್ಯಾನ್ ಎರಡರಲ್ಲೂ ಒಂದೇ ಥರ ಬರೆಯಬಹುದು.

ಇದಕ್ಕೆ ತೆರಬೇಕಾದ ಬೆಲೆ ಏನು? ಸರ್‌ನೇಮ್ ತಲೆಮಾರಿಗೊಮ್ಮೆ ಬದಲಾಗುತ್ತದೆ. ಅಪ್ಪನದು ರಂಗಪ್ಪ, ಮಗಳದು ಮಂಜುನಾಥ, ಅಮ್ಮನದು ಅವರ ಅಪ್ಪನ ಹೆಸರು. ಒಂದೇ ಮನೆಯ ಮೂವರಿಗೆ ಮೂರು ಸರ್‌ನೇಮ್. ಊರಲ್ಲಿ ಯಾರೂ ಕೇಳುವುದಿಲ್ಲ. ಅಮೆರಿಕಕ್ಕೋ ಯುರೋಪಿಗೋ ಸಂಸಾರ ಕಟ್ಟಿಕೊಂಡು ಹೋದರೆ ಅಲ್ಲಿನವರು ಕೇಳುತ್ತಾರೆ. ಮಗುವಿನ ಜನನ ಪ್ರಮಾಣಪತ್ರದ ಪ್ರತಿಯೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡರೆ ಆಯ್ತು, ದೊಡ್ಡ ವಿಷಯವಲ್ಲ.

ಅಲ್ಲಿ ಕರೆಯುವುದೂ ಸರ್‌ನೇಮಿನಿಂದಲೇ. ನನ್ನ ಗೆಳೆಯನೊಬ್ಬ ಹೊರದೇಶದ ಆಸ್ಪತ್ರೆಯಲ್ಲಿ ಕೂತಿದ್ದಾಗ ನರ್ಸ್ ಬಂದು ಮೂರು ಸಲ ಅವರಪ್ಪನ ಹೆಸರು ಕೂಗಿದರಂತೆ. ಇವನು ಸುಮ್ನೆ ಕೂತಿದ್ದ. ಅಪ್ಪ ಊರಲ್ಲಿದ್ದಾರೆ, ಇವರಿಗೆ ಹೇಗೆ ಗೊತ್ತು ಅಂತ ಯೋಚನೆ ಮಾಡುತ್ತಿದ್ದನಂತೆ!

ಇದರಲ್ಲೇ ಒಂದು ಜಾಣ ದಾರಿ ಇದೆ. ಅಪ್ಪನ ಪಾಸ್‌ಪೋರ್ಟಿನಲ್ಲಿ ಈಗಾಗಲೇ 'ರಂಗಪ್ಪ' ಸರ್‌ನೇಮ್ ಆಗಿದ್ದರೆ ಮಗುವಿಗೂ 'ಅನನ್ಯ ರಂಗಪ್ಪ' ಅಂತಲೇ ಬರೆಸುವುದು. ಅಜ್ಜನ ಹೆಸರು ಅಲ್ಲಿಗೆ ಮನೆತನದ ಹೆಸರಾಗಿ ನಿಂತುಬಿಡುತ್ತದೆ. ಹೊರದೇಶದಲ್ಲಿ ನೆಲೆ ನಿಲ್ಲುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅಜ್ಜನಿಗೂ ಖುಷಿ.

ಅಮ್ಮನ ಹೆಸರು ಹಾಕಬಾರದಾ ಅಂತ ಈಗ ತುಂಬ ಜನ ಕೇಳುತ್ತಾರೆ. ಧಾರಾಳವಾಗಿ ಹಾಕಬಹುದು. ಅನನ್ಯ ಸವಿತಾ ಕೂಡ ಎರಡು ಕಾಲಂಗೆ ಅಷ್ಟೇ ಚೆನ್ನಾಗಿ ಕೂರುತ್ತದೆ. 2016ರ ಕೊನೆಯಿಂದ ಪಾಸ್‌ಪೋರ್ಟಿಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರ ಹೆಸರು ಕೊಟ್ಟರೆ ಸಾಕು. ಅಮ್ಮ ಒಬ್ಬರೇ ಸಾಕುತ್ತಿದ್ದರೆ ಪ್ಯಾನ್‌ಗೂ 2018ರ ಡಿಸೆಂಬರ್‌ನಿಂದ ಅಪ್ಪನ ಹೆಸರು ಕಡ್ಡಾಯವಲ್ಲ. ಗಂಡ ತೀರಿಕೊಂಡ ಮೇಲೆ ಮರುಮದುವೆಯಾದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗುವಿನ ಸರ್‌ನೇಮ್ ಏನಿರಬೇಕು ಅನ್ನುವುದನ್ನು ತಾಯಿಯೇ ತೀರ್ಮಾನಿಸಬಹುದು ಅಂತ 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಂಬೈ, ಸೊಲ್ಲಾಪುರ, ಪುಣೆಯ ಕನ್ನಡಿಗರು ಇದನ್ನು ಆಗಲೇ ಕಂಡಿದ್ದಾರೆ. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದವರಿಗೆ ಸರ್ಕಾರಿ ದಾಖಲೆಯಲ್ಲಿ ಮಗುವಿನ ಹೆಸರು, ಅಮ್ಮನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅನ್ನುವ ಸಾಲು ಬಂದಿದೆ.

ಅನನ್ಯ ಕುಣಿಗಲ್

ಇದು ನನಗೆ ತುಂಬ ಇಷ್ಟ, ಆದರೂ ನಮ್ಮ ಕಡೆ ಕಡಿಮೆ ಜನ ಯೋಚಿಸುತ್ತಾರೆ. ಇನಿಷಿಯಲ್ಲಿನಲ್ಲಿ ಮುದುಡಿಕೊಂಡಿದ್ದ ಊರನ್ನು ಬಿಡಿಸಿ ಕೊನೆಗೆ ಇಡುವುದು, ಅಷ್ಟೇ. ಅಣ್ಣ ತಮ್ಮಂದಿರ ಮಕ್ಕಳಿಗೆಲ್ಲ ಒಂದೇ. ಮೊಮ್ಮಕ್ಕಳಿಗೂ ಅದೇ. ಜಾತಿ ಹೇಳುವುದಿಲ್ಲ. ಉತ್ತರ ಕರ್ನಾಟಕದವರು ಇದನ್ನು ಯಾವಾಗಲೋ ಮಾಡಿಕೊಂಡಿದ್ದಾರೆ. ಕಲಬುರ್ಗಿ, ಬಾದಾಮಿ, ಮುಧೋಳ, ನರಗುಂದ ಎಲ್ಲ ಊರೂ ಹೌದು, ಅಡ್ಡಹೆಸರೂ ಹೌದು.

ಊರಿನ ಹೆಸರು ಉದ್ದ ಇದ್ದರೆ ಮಾತ್ರ ಕಷ್ಟ. ಚಿಕ್ಕನಾಯಕನಹಳ್ಳಿಯನ್ನು ಇಂಗ್ಲಿಷಿನಲ್ಲಿ ಬರೆದರೆ 19 ಅಕ್ಷರ. ಟಿಕೆಟಿನಲ್ಲಿ ಅರ್ಧಕ್ಕೇ ತುಂಡಾಗುತ್ತದೆ. ಎರಡು ಮೂರು ಉಚ್ಚಾರದ ಊರಾದರೆ ಧೈರ್ಯವಾಗಿ ಆರಿಸಿ. ಇನ್ನೊಂದು ವಿಷಯ, ಇನಿಷಿಯಲ್ಲಿನ ಅಕ್ಷರ ಯಾವ ಊರಿನದು ಅಂತ ಮನೆಯ ಹಿರಿಯರನ್ನು ಕೇಳಿಕೊಳ್ಳಿ. ವಿಶ್ವೇಶ್ವರಯ್ಯನವರ 'ಎಂ' ಮೋಕ್ಷಗುಂಡಂ. ಅದು ಅವರ ಹಿರಿಯರ ಊರು, ಆಂಧ್ರದಲ್ಲಿದೆ. ಹುಟ್ಟಿ ಬೆಳೆದದ್ದು ಮುದ್ದೇನಹಳ್ಳಿಯಲ್ಲಿ.

ಅಡ್ಡಹೆಸರು ಇದ್ದವರು

ನಮ್ಮ ಮನೆಯವಳು ಗದಗದ ಕಡೆಯವಳು. ಮದುವೆ ಮಾತುಕತೆಗೆ ಬಂದಾಗ ಅವರ ಸೋದರಮಾವ ನನ್ನನ್ನು ಕೇಳಿದ ಮೊದಲ ಪ್ರಶ್ನೆಯೇ, "ನಿಮ್ಮ ಅಡ್ಡಹೆಸರ ಏನ್ರೀ?" ಇಲ್ಲ ಅಂದೆ. "ಅಡ್ಡಹೆಸರ ಇಲ್ಲಂದ್ರ ಹೆಂಗ್ರೀ ಗುರ್ತ ಹಿಡಿಯೂದು?" ಅಂದರು. ಅವರ ಚಿಂತೆ ನಿಜವೇ ಆಗಿತ್ತು. ಊರಿಗೆ ಹತ್ತು ಜನ ಬಸವರಾಜ ಇರುವ ಕಡೆ ಬೆಲ್ಲದ, ಅಂಗಡಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಅಂತ ಇಲ್ಲದಿದ್ದರೆ ಯಾರು ಯಾರು ಅಂತ ತಿಳಿಯುವುದಾದರೂ ಹೇಗೆ?

ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅನ್ನುವ ಸಾಲು. ಬಸವರಾಜ ಸೋಮಪ್ಪ ಬೊಮ್ಮಾಯಿ. ಅವರ ತಂದೆ ಸೋಮಪ್ಪ ರಾಯಪ್ಪ ಬೊಮ್ಮಾಯಿ. ಮಧ್ಯದ ಹೆಸರು ಸರಿಯುತ್ತಾ ಹೋಗುತ್ತದೆ, ಕೊನೆಯದು ಕದಲುವುದಿಲ್ಲ. ಪಾಸ್‌ಪೋರ್ಟಿನ ಕಾಲಂಗಳಿಗೆ ಅಂತಲೇ ಮಾಡಿದ ಹಾಗಿದೆ. ಕೊಡಗಿನವರಲ್ಲೂ ಮನೆತನದ ಹೆಸರಿದೆ, ಆದರೆ ಅದು ಮೊದಲು ಬರುತ್ತದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಅನ್ನುವಲ್ಲಿ ಕೊಡಂದೇರ ಅಂದರೆ ಒಕ್ಕದ ಹೆಸರು. ಹಾಗಿದ್ದವರು ಫಾರಂ ತುಂಬುವಾಗ ಒಕ್ಕದ ಹೆಸರನ್ನು ಸರ್‌ನೇಮ್ ಕಾಲಂನಲ್ಲಿ ಬರೆದರೆ ಗೊಂದಲ ಕಡಿಮೆ.

ಅಡ್ಡಹೆಸರು ಇದ್ದವರಿಗೆ ನನ್ನ ಸಲಹೆ ಸರಳ. ಅದನ್ನು ಬಿಡಬೇಡಿ. ಬೆಂಗಳೂರಿಗೆ ಬಂದ ಮೇಲೆ 'ಮೆಣಸಿನಕಾಯಿ' ಅಂದರೆ ಸಹೋದ್ಯೋಗಿಗಳು ನಗುತ್ತಾರೆ ಅಂತ ಮಗುವಿಗೆ ಬಿಟ್ಟವರನ್ನು ನೋಡಿದ್ದೇನೆ. ನಗುವವರು ಎರಡು ದಿನ ನಗುತ್ತಾರೆ. ಆಮೇಲೆ ಆ ಹೆಸರು ಯಾರಿಗೂ ಮರೆಯುವುದಿಲ್ಲ.

ಜಾತಿ ಗುರುತು ಬೇಡ ಅನ್ನುವವರು ಮಾತ್ರ ಇಲ್ಲಿ ಸ್ವಲ್ಪ ನಿಧಾನಿಸಬೇಕು. ಪಾಟೀಲ ಅನ್ನುವುದು ಊರ ಗೌಡಿಕೆಯಿಂದ ಬಂದದ್ದು, ಲಿಂಗಾಯತರಲ್ಲೂ ಜೈನರಲ್ಲೂ ಮುಸ್ಲಿಮರಲ್ಲೂ ಪಾಟೀಲರಿದ್ದಾರೆ. ಆದರೆ ಕಂಬಾರ, ಬಡಿಗೇರ, ಹೂಗಾರ, ಹಡಪದ, ಹಿರೇಮಠ ಇವೆಲ್ಲ ಮನೆಯ ಕಸುಬನ್ನೋ ಪಂಗಡವನ್ನೋ ಹೇಳಿಯೇ ಹೇಳುತ್ತವೆ. ಹಾಗೆ ಹೇಳುವುದರಲ್ಲಿ ತಪ್ಪೇನಿಲ್ಲ, ಹೆಮ್ಮೆಯಿಂದ ಇಟ್ಟುಕೊಂಡವರು ಬೇಕಾದಷ್ಟು ಜನ. ತಿಳಿದು ಆರಿಸಿ ಅನ್ನುವುದಷ್ಟೇ ನನ್ನ ಮಾತು.

ಅನನ್ಯ ಗೌಡ

ಗೌಡ, ಶೆಟ್ಟಿ, ಭಟ್, ಹೆಗಡೆ, ರೈ, ಪೂಜಾರಿ, ನಾಯಕ. ಕರಾವಳಿಯಲ್ಲಿ ಇವು ಹಿಂದಿನಿಂದಲೂ ಹೆಸರಿನ ಭಾಗ. ಅಲ್ಲಿನವರಿಗೆ ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಚಿಕ್ಕ ಪದ, ಸ್ಪೆಲ್ಲಿಂಗ್ ಸುಲಭ, ಮನೆಗೆಲ್ಲ ಒಂದೇ. ಕಾಗದದ ದೃಷ್ಟಿಯಿಂದ ನೋಡಿದರೆ ಅಡ್ಡಹೆಸರಿನಷ್ಟೇ ಸಲೀಸು.

ನನಗೆ ಒಪ್ಪಿಗೆಯಾಗದ್ದು, ಅಪ್ಪನಿಗೆ ಅಜ್ಜನಿಗೆ ಇಲ್ಲದ ಜಾತಿ ಹೆಸರನ್ನು ಮಗುವಿಗೆ ಹೊಸದಾಗಿ ಅಂಟಿಸುವುದು. ಸರ್‌ನೇಮ್ ಕಾಲಂ ಖಾಲಿ ಇದೆಯಲ್ಲ ಅಂತ ತುಂಬಿಬಿಡುತ್ತಾರೆ. ಬಾಡಿಗೆ ಮನೆ ಹುಡುಕುವಾಗ, ಕಾಲೇಜಿನ ಹಾಸ್ಟೆಲಿನಲ್ಲಿ, ಹೊಸ ಕೆಲಸಕ್ಕೆ ಸೇರಿದ ದಿನ, ಆ ಒಂದು ಪದ ಮಗುವಿಗಿಂತ ಮೊದಲು ಒಳಗೆ ಹೋಗಿ ಕೂತಿರುತ್ತದೆ. ಕೆಲವರಿಗೆ ಅದರಿಂದ ಬಾಗಿಲು ತೆರೆಯುತ್ತದೆ, ಕೆಲವರಿಗೆ ಮುಚ್ಚುತ್ತದೆ. ಮಗು ದೊಡ್ಡದಾದ ಮೇಲೆ ಬೇಕಿದ್ದರೆ ತಾನೇ ಸೇರಿಸಿಕೊಳ್ಳಲಿ ಬಿಡಿ.

ಬರೀ ಅನನ್ಯ

ಒಂದೇ ಪದ. ನೋಡಲು ಏನು ಚೆಂದ, ಅಲ್ವಾ? ಊರು, ಅಪ್ಪ, ಜಾತಿ ಯಾವುದರ ಹಂಗೂ ಇಲ್ಲ. ಆದರೆ ಕಾಗದದ ಲೋಕದಲ್ಲಿ ಅತಿ ದುಬಾರಿ ಆಯ್ಕೆ ಇದೇ.

ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರು ಮೊದಲ ಹೆಸರಿನ ಕಾಲಂಗೆ ಹೋಗುತ್ತದೆ, ಸರ್‌ನೇಮ್ ಖಾಲಿ. ಪ್ಯಾನ್‌ನಲ್ಲಿ ಉಲ್ಟಾ. ಕೊನೆಯ ಹೆಸರು ಕಡ್ಡಾಯ, ಒಂಟಿ ಹೆಸರು ಅಲ್ಲಿ ಕೂರಬೇಕು. ಅಮೆರಿಕದ ವೀಸಾದಲ್ಲಿ ಅನನ್ಯ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಅಲ್ಲಿನ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಅದೇ ಹೆಸರಾಗಿ ಹೋಗುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ, ಒಂಟಿ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಅಂದಿತು. ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ದರೆ ಸಾಕು ಅಂತ ಆಮೇಲೆ ಸಡಿಲ ಮಾಡಿದರು. ದುಬೈಗೆ ಓಡಾಡುವ ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಇದು ದೂರದ ಸುದ್ದಿಯಲ್ಲ.

ಮುಸ್ಲಿಂ ಗೆಳೆಯರಿಗೆ ಇನ್ನೊಂದು ಮಾತು. ಮೊಹಮ್ಮದ್ ಅನ್ನುವುದನ್ನು ಮೊಟಕು ಮಾಡಿ 'ಎಂಡಿ' ಅಂತ ಬರೆಸಬೇಡಿ. ಅದೂ ಇನಿಷಿಯಲ್ಲಿನ ಥರವೇ ಮುಂದೊಂದು ದಿನ ಬಿಡಿಸಬೇಕಾಗುತ್ತದೆ. ಪೂರ್ತಿ ಬರೆಸಿ, ಒಂದೇ ಸ್ಪೆಲ್ಲಿಂಗಿನಲ್ಲಿ.

ಹಾಗಾದರೆ ಯಾವುದು?

ಅಡ್ಡಹೆಸರೋ ಮನೆತನದ ಹೆಸರೋ ಇದ್ದರೆ ಯೋಚನೆಯೇ ಬೇಡ, ಅದೇ ಇರಲಿ. ಇಲ್ಲದವರು, ಊರು ಚಿಕ್ಕದಿದ್ದರೆ ಊರು, ಉದ್ದವಿದ್ದರೆ ಅಪ್ಪ ಅಥವಾ ಅಮ್ಮನ ಹೆಸರು. ಹೊರದೇಶದಲ್ಲಿರುವವರು ಅಪ್ಪನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಏನಿದೆಯೋ ಅದನ್ನೇ ಮುಂದುವರಿಸಿದರೆ ಮಗುವಿಗೆ ಶಾಲೆಯಲ್ಲಿ ವಿವರಣೆ ಕೊಡುವ ಕಷ್ಟ ತಪ್ಪುತ್ತದೆ. ಅಪ್ಪ ಅಮ್ಮ ಬೇರೆ ಬೇರೆ ಜಾತಿ, ಬೇರೆ ಬೇರೆ ಭಾಷೆಯವರಾದರೆ ಇಬ್ಬರ ಮನೆಯ ಸರ್‌ನೇಮೂ ಬಿಟ್ಟು ಅಪ್ಪನದೋ ಅಮ್ಮನದೋ ಹೆಸರು ಇಡುವುದು ಜಗಳ ಕಡಿಮೆ ಮಾಡುತ್ತದೆ. ಅಮ್ಮನ ಹೆಸರಿಟ್ಟರೆ ಅಪ್ಪನ ಮನೆಯವರು ಮುನಿಸಿಕೊಳ್ಳಬಹುದು. ಆ ಲೆಕ್ಕ ನಿಮಗೆ ಬಿಟ್ಟದ್ದು.

ನಮ್ಮ ಮನೆಯಲ್ಲಿ ಏನಾಯಿತು? ನನ್ನ ಎರಡು ಇನಿಷಿಯಲ್ಲಿಗೂ ಅವಳ ಮನೆಯ ಅಡ್ಡಹೆಸರಿಗೂ ಮೂರು ವಾರ ಚರ್ಚೆ ನಡೆಯಿತು. ಗದಗದ ಸೋದರಮಾವ ಫೋನಿನಲ್ಲಿ ಬಂದು ಅವಳ ಪರ ವಾದ ಮಾಡಿದರು. ಕೊನೆಗೆ ಮಗಳ ಹೆಸರಿನ ಪಕ್ಕ ನನ್ನ ಊರು ಬಂತು. ಸೋತವಳು ಅವಳಲ್ಲ. ಮಗಳ ಹೆಸರು ಪೂರ್ತಿ ಅವಳ ಆಯ್ಕೆ, ನನಗೆ ಪಕ್ಕದ ಜಾಗ ಮಾತ್ರ ಸಿಕ್ಕಿದ್ದು.

ಏನೇ ಆರಿಸಿ, ಇಂಗ್ಲಿಷ್ ಸ್ಪೆಲ್ಲಿಂಗನ್ನು ಒಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಂಡೇ ಹೋಗಿ. ಬಾಯಲ್ಲಿ ಹೇಳಬೇಡಿ. ನಮ್ಮ 'ತ'ಕ್ಕೆ ಒಬ್ಬರು 'ಟಿ' ಹಾಕುತ್ತಾರೆ, ಇನ್ನೊಬ್ಬರು 'ಟಿಎಚ್' ಹಾಕುತ್ತಾರೆ. ಮಂಜುನಾಥನ ಕೊನೆಗೆ 'ಎ' ಇದೆಯೋ ಇಲ್ಲವೋ ಅನ್ನುವುದರ ಮೇಲೆ ಒಂದು ಅಫಿಡವಿಟ್ಟು ನಿಂತಿರುತ್ತದೆ. ಯಡಿಯೂರಪ್ಪನವರು 2007ರಲ್ಲಿ ಸಂಖ್ಯಾಶಾಸ್ತ್ರದ ಮಾತು ಕೇಳಿ ಇಂಗ್ಲಿಷಿನಲ್ಲಿ ಒಂದು 'ಐ' ತೆಗೆದು ಇನ್ನೊಂದು 'ಡಿ' ಸೇರಿಸಿಕೊಂಡರು, 2019ರಲ್ಲಿ ಮತ್ತೆ ಹಳೆಯದಕ್ಕೇ ಬಂದರು. ಅವರಿಗೆ ನಡೆಯುತ್ತದೆ, ಬ್ಯಾಂಕಿನವರು ಅವರನ್ನು ನೋಡಿದರೆ ಗುರುತು ಹಿಡಿಯುತ್ತಾರೆ.

ಆ ಚೀಟಿಯಲ್ಲಿ ನಿಮ್ಮಿಬ್ಬರ ಹೆಸರನ್ನೂ ನಿಮ್ಮ ಆಧಾರ್‌ನಲ್ಲಿ ಇರುವ ಹಾಗೇ ಬರೆಯಿರಿ. ಪ್ರಮಾಣಪತ್ರದಲ್ಲಿ ಅಪ್ಪ ಅಮ್ಮನ ಸಾಲೂ ಇರುತ್ತದೆ, ಅಲ್ಲಿ ತಪ್ಪಿದರೂ ಮುಂದೆ ಮಗುವಿನ ಪಾಸ್‌ಪೋರ್ಟ್ ನಿಲ್ಲುತ್ತದೆ. ಪ್ರಿಂಟ್ ತೆಗೆಯುವ ಮೊದಲು ಪರದೆ ಇತ್ತ ತಿರುಗಿಸಿ ಅಂತ ಕೇಳಿ, ಒಂದೊಂದೇ ಅಕ್ಷರ ಓದಿ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಾರೆ. ಗೊಣಗಲಿ.